ಅನಂತಕೃಷ್ಣನ ಏಕಾಂತ ಚಾರಣ

ತಪ್ಪೆಲ್ಲ ಅನಂತಕೃಷ್ಣನ ಬಲಗೈ ಹೆಬ್ಬೆರಳಿನದು. ಶನಿವಾರ ಬೆಳಿಗ್ಗೆ ಎದ್ದವನೇ, ಕನ್ನಡಕ ಹುಡುಕಿಕೊಳ್ಳುವ ಮುಂಚೆ, ಸುಬಾಂಗ್ ಜಯಾದ ಕಾಲೇಜಿಗೆ ಆಗಲೇ ಕೆಲಸಕ್ಕೆ ಹೊರಟಿದ್ದ ಹೆಂಡತಿ ವಾಸಂತಿಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿದ. "ರಜೆ ಸಿಕ್ತು! ಶೆರ್ಪಾ ಹಳ್ಳಿಗಳ ಟ್ರೆಕ್ ಪಕ್ಕಾ. ಹನ್ನೆರಡು ದಿನ ಯಾವ ತಲೆನೋವೂ ಇಲ್ಲ. ಸಂಜೆ ನಾಲ್ಕಕ್ಕೆ ಗೈಡ್ ವಿಡಿಯೋ ಕಾಲ್."

ಕನ್ನಡಕ ಸಿಕ್ಕಿ ಮೂಗಿನ ಮೇಲೆ ಕೂತಾಗ ಗೊತ್ತಾಯಿತು, ಸಂದೇಶ ಹೋಗಿದ್ದು ವಾಸಂತಿಗಲ್ಲ, ಮಲೇಷ್ಯಾದ ಆ ಬಡಾವಣೆಯ ಕನ್ನಡಿಗರೆಲ್ಲ ಇದ್ದ 'ಪುಚೊಂಗ್ ಕನ್ನಡ ಕುಟುಂಬ' ಅನ್ನುವ ಗುಂಪಿಗೆ. ಒದ್ದಾಡಿಕೊಂಡು ಅಳಿಸಿದ. ಅಷ್ಟರಲ್ಲಿ ಕೆಳಗಡೆ ಚಪ್ಪಾಳೆಗಳೂ ಹಿಮಪರ್ವತದ ಚಿತ್ರಗಳೂ ಸಾಲುಗಟ್ಟಿದ್ದವು. ಅಳಿಸಿದ ಮಾತನ್ನು ಜನ ಇನ್ನೂ ಆಸ್ಥೆಯಿಂದ ಓದುತ್ತಾರೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಬೆಟ್ಟವಲ್ಲ, ನಿಶ್ಶಬ್ದ. ಕ್ಲಾಂಗ್ ಬಂದರಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಅವನ ಕೆಲಸವೆಂದರೆ, ಕಂಟೇನರ್ ಬರದೆ ಕಂಗಾಲಾದವರ ಫೋನಿಗೆ ಉತ್ತರ ಕೊಡುವುದು. ಚೆನ್ನೈಯವರು ಕೂಗಿ ಕೇಳುತ್ತಿದ್ದರು, ರಾಟರ್‌ಡ್ಯಾಮಿನವರು ತಣ್ಣಗೆ ಕೇಳುತ್ತಿದ್ದರು, ಕೊಲಂಬೋದವರು ಅತ್ತುಕೊಂಡು ಕೇಳುತ್ತಿದ್ದರು. ಪ್ರಶ್ನೆ ಮಾತ್ರ ಒಂದೇ: "ನಮ್ಮ ಕಂಟೇನರ್ ಎಲ್ಲಿ?" ಸಂಜೆ ಮನೆಗೆ ಬರುವ ಹೊತ್ತಿಗೆ ಅವನ ಕಿವಿ ದೋಸೆ ಕಾವಲಿಯಂತೆ ಕಾದಿರುತ್ತಿತ್ತು. ಮನೆಯಲ್ಲಿ ಅದೇ ಬಹುಮಹಡಿ ಕಟ್ಟಡದ, ಅಂದರೆ ಕಾಂಡೋದ, ಕನ್ನಡಿಗರು ಕಾದಿರುತ್ತಿದ್ದರು.

ಒಂದು ದಿನ ದಂತವೈದ್ಯರ ಕೋಣೆಯ ಗೋಡೆಯ ಮೇಲೆ ಅವನು ಒಂದು ಫೋಟೋ ನೋಡಿದ. ಕಲ್ಲಿನ ಬೇಲಿ, ಆಲೂಗಡ್ಡೆ ಹೊಲ, ಹಿಂದೆ ಹಿಮ, ಮುಂದೆ ಒಂದು ಯಾಕ್. ಆ ಯಾಕನ್ನು ಹುಟ್ಟಿದಾಗಿನಿಂದ ಯಾರೂ ಏನೂ ಕೇಳಿಲ್ಲ ಅನ್ನುವುದು ಅದರ ಮುಖದಲ್ಲೇ ಗೊತ್ತಾಗುತ್ತಿತ್ತು. ಅನಂತಕೃಷ್ಣನಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಅವತ್ತಿನಿಂದ ಭಾನುವಾರಗಳಂದು ಗುಟ್ಟಾಗಿ ಬುಕಿತ್ ವವಾಸನ್ ಗುಡ್ಡ ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡ. ಕಠ್ಮಂಡುವಿನ ಕಂಪನಿಯೊಂದು ಅವನಿಗೆ ಪಾಸಾಂಗ್ ಅನ್ನುವ ಶೆರ್ಪಾ ಗೈಡನ್ನು ಗೊತ್ತುಮಾಡಿತು. ಚಳಿ, ಔಷಧಿ, ಬೂಟು, ಉಸಿರಾಟ ಎಂದು ಅನಂತಕೃಷ್ಣ ಉದ್ದುದ್ದ ಸಂದೇಶ ಬರೆದರೆ ಪಾಸಾಂಗನ ಉತ್ತರ ಎರಡೇ ಪದ: "ಓಕೆ ಸರ್." ಎಂಥ ಮಿತಭಾಷಿ! ಅವನನ್ನು ಇನ್ನೂ ನೋಡದೆಯೇ ಅನಂತಕೃಷ್ಣ ಅವನಿಗೆ ಮನಸೋತಿದ್ದ.

ಆ ಶನಿವಾರ ಕಾಫಿ ಅರ್ಧ ಕುಡಿದಿರುವಾಗಲೇ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಒಂಬತ್ತನೇ ಮಹಡಿಯ ರಾಧಾಕೃಷ್ಣ, ಟ್ರ್ಯಾಕ್ ಸೂಟಿನಲ್ಲಿ. ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುವ ಅವರು ಎಲ್ಲ ಸಮಿತಿಗಳಿಗೂ ಅಧ್ಯಕ್ಷರು. ಅವರ ಭಾಷಣವಿಲ್ಲದೆ ಆ ಕಾಂಡೋದಲ್ಲಿ ನಲ್ಲಿ ರಿಪೇರಿಯೂ ಮುಗಿಯುತ್ತಿರಲಿಲ್ಲ.

"ಏನ್ರೀ ಅನಂತು! ಇಂಥ ಗ್ರೇಟ್ ಐಡಿಯಾ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ರಲ್ಲ! ಯಾವ ತಲೆನೋವೂ ಇಲ್ಲ ಅಂತ ಬೇರೆ ಹಾಕಿದೀರಿ. ಅಂದ್ರೆ ಊಟ, ವಸತಿ, ಸಾಮಾನು ಎಲ್ಲಾ ನೀವೇ ನೋಡ್ಕೋತೀರಿ ಅಂತಾಯ್ತು."

"ಸಾರ್, ಅದು ತಪ್ಪಾಗಿ ಗುಂಪಿಗೆ..."

"ಗುಂಪು ಅನ್ಬೇಡ್ರೀ. ತಂಡ ಅನ್ನಿ. ಗುಂಪು ಅಂದ್ರೆ ಜಾತ್ರೆ, ತಂಡ ಅಂದ್ರೆ ಶಿಸ್ತು. ನಾನು ಲೀಡರ್, ನೀವು ಕೋಆರ್ಡಿನೇಟರ್. ಇಷ್ಟು ಹೊತ್ತಿಗೆ ಎಂಟು ಮನೆಯವರು ಹೆಸರು ಕೊಟ್ಟಾಗಿದೆ."

ಅನಂತಕೃಷ್ಣನಿಗೆ ಕಾಫಿ ನೆತ್ತಿಗೇರಿತು. ಇಲ್ಲ ಅನ್ನುವ ಪದ ಅವನ ನಾಲಗೆಯಲ್ಲಿ ಯಾವತ್ತೂ ಸಲೀಸಾಗಿ ಹೊರಳಿದ್ದಿಲ್ಲ. ಬೇಡ ಅನ್ನಲಾರದವನು ಹೆದರಿಸಬೇಕು ಎಂದು ಆ ಕ್ಷಣವೇ ತೀರ್ಮಾನಿಸಿದ.

"ಸಾರ್, ಅಲ್ಲಿ ಎತ್ತರದಲ್ಲಿ ಗಾಳಿ ತೆಳು. ಎರಡು ಮಾತಾಡಿದರೆ ಉಸಿರು ಕಟ್ಟತ್ತೆ."

ರಾಧಾಕೃಷ್ಣ ಗಂಭೀರರಾದರು. ಅನಂತಕೃಷ್ಣನ ಎದೆಯಲ್ಲಿ ಆಸೆ ಮೊಳೆಯಿತು.

"ಕರೆಕ್ಟ್. ಹಾಗಾದ್ರೆ ಒಂದು ಮೈಕು ತಗೊಂಡ್ ಹೋಗ್ಬೇಕಾಗತ್ತೆ," ಅಂದರು ಅವರು.

ಅಲ್ಲಿಂದ ಅವನು ಏಳನೇ ಮಹಡಿಗೆ ಇಳಿದ. ಅಲ್ಲಿ ಮಗಳ ಮನೆಯಲ್ಲಿ ನೆಲೆಸಿದ್ದ ಹುಬ್ಬಳ್ಳಿಯ ಚಂದ್ರಮ್ಮ ಎಲ್ಲ ಹಬ್ಬಗಳ ಅಡುಗೆಗೂ ಹಿರಿಯ ತಲೆ. ಅವರು ಹೊರಡದಿದ್ದರೆ ಅರ್ಧ ಕಾಂಡೋ ಹೊರಡುವುದಿಲ್ಲ. ಬಾಗಿಲು ತೆರೆದೇ ಇತ್ತು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಬಾರೋ ತಮ್ಮಾ! ಖಡಕ್ ರೊಟ್ಟಿ ಹೊಂಟಾವ ನೋಡು. ತಿಂಗಳಾದ್ರೂ ಕೆಡಂಗಿಲ್ಲ. ಹಿಮದಾಗ ಅಂತೂ ವರ್ಷ ಇರ್ತಾವ."

"ಅಮ್ಮ, ಅಲ್ಲಿ ಸ್ನಾನ ಇಲ್ಲ. ನೀರು ಹೆಪ್ಪುಗಟ್ಟಿರತ್ತೆ. ದಿನಗಟ್ಟಲೆ ಹಾಗೇ ಇರ್ಬೇಕು."

ಚಂದ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ಕನಿಕರದಿಂದ ನೋಡಿದರು. "ಹುಬ್ಬಳ್ಳ್ಯಾಗ ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರ್ತಿತ್ತು. ನನಗ ನೀರಿಲ್ಲದ ಕಥಿ ಹೇಳಾಕ ಬಂದೀಯೇನು?"

"ಬರೀ ಬೇಳೆ, ಅನ್ನ. ಎರಡು ಹೊತ್ತೂ ಅದೇ."

"ಅದಕ್ಕ ಶೇಂಗಾ ಚಟ್ನಿ ಕುಟ್ಟಾಕತ್ತೀನಿ. ಆ ಶೆರ್ಪಾ ಮಂದೀಗೂ ಒಂಚೂರು ರುಚಿ ಹತ್ತಲಿ."

ಲಿಫ್ಟಿನ ಬಳಿ ಮಂಗಳೂರಿನ ಸುಪ್ರೀತ್ ಸಿಕ್ಕ. ಐಟಿ ಹುಡುಗ. ಹಾಡುಹಗಲಲ್ಲಿ ಹಣೆಗೆ ಟಾರ್ಚು ಕಟ್ಟಿಕೊಂಡು ನಿಂತಿದ್ದ. ಅದು ಅನಂತಕೃಷ್ಣನ ಕಣ್ಣಿಗೇ ನೇರ ಹೊಡೆಯುತ್ತಿತ್ತು.

"ಅನಂತಣ್ಣ, ಆಕ್ಸಿಜನ್ ಕ್ಯಾನ್ ಆರ್ಡರ್ ಮಾಡಿ ಆಯ್ತು ಮಾರಾಯ್ರೆ! ನಿಮಗೂ ಒಂದು ಉಂಟು."

"ಅಲ್ಲಿ ನೆಟ್‌ವರ್ಕ್ ಇರಲ್ಲ ಸುಪ್ರೀತ್. ಆಫೀಸಿನವರು ಕರೆದರೂ ಸಿಗಲ್ಲ."

"ಹೌದಾ?" ಸುಪ್ರೀತನ ಕಣ್ಣು ಟಾರ್ಚಿಗಿಂತ ಹೆಚ್ಚು ಬೆಳಗಿತು. "ಹಾಗಾದ್ರೆ ನಮ್ಮ ಟೀಮಿನ ಹುಡುಗರೂ ಬರ್ತಾರೆ."

ಹೆದರಿಸಿದಷ್ಟೂ ತಂಡ ಬೆಳೆಯುತ್ತಿತ್ತು. ಹನ್ನೊಂದರ ಹೊತ್ತಿಗೆ ರಾಧಾಕೃಷ್ಣ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಗೇಟಿನ ಕಾವಲುಗಾರ ಯಾದವನ ಬಳಿ ಹೋದರು. ಅವನು ನೇಪಾಳದವನು, ಹಿಮಾಲಯದ ವಿಷಯ ಅವನಿಗಿಂತ ಯಾರಿಗೆ ಗೊತ್ತು? ಯಾದವನ ಊರು ಜನಕಪುರದ ಕಡೆಯದು, ಅಂಗೈಯಂಥ ಬಯಲು. ಅಲ್ಲಿ ಎಲ್ಲಕ್ಕಿಂತ ಎತ್ತರದ್ದು ಹುಲ್ಲಿನ ಬಣವೆ. ಹಿಮವನ್ನು ಅವನು ಮೊದಲ ಬಾರಿ ನೋಡಿದ್ದು ಮಲೇಷ್ಯಾಕ್ಕೆ ಬಂದ ಮೇಲೆ, ಶಾ ಆಲಮ್‌ನ ಕೃತಕ ಹಿಮದ ಪಾರ್ಕಿನಲ್ಲಿ ಟಿಕೆಟ್ಟು ಕೊಟ್ಟು. ಆದರೆ ಅಷ್ಟು ಜನ ಅಷ್ಟು ನಂಬಿಕೆಯಿಂದ ಕೇಳುವಾಗ ನಿರಾಸೆ ಮಾಡಲು ಅವನಿಗೆ ಮನಸ್ಸು ಬರಲಿಲ್ಲ.

"ಹೇಗಿರತ್ತಪ್ಪ ಹಿಮ?" ಎಂದು ರಾಧಾಕೃಷ್ಣ ಹಿಂದಿಯಲ್ಲಿ ಕೇಳಿದರು.

ಯಾದವ ಯೋಚಿಸಿ, "ತುಂಬಾ ಬಿಳಿ ಸರ್," ಅಂದ.

"ಬೆಟ್ಟ?"

"ತುಂಬಾ ಮೇಲೆ."

ಎಲ್ಲರೂ ಅನುಭವದ ಮಾತು ಕೇಳಿದವರಂತೆ ತಲೆದೂಗಿದರು.

ಆಗ ಅನಂತಕೃಷ್ಣನಿಗೆ ಒಂದು ಉಪಾಯ ಹೊಳೆಯಿತು. ಮಾತಿಗೆ ಬಗ್ಗದವರು ಮೆಟ್ಟಿಲಿಗೆ ಬಗ್ಗುತ್ತಾರೆ. "ಸಾರ್, ಅಲ್ಲಿ ದಿನವಿಡೀ ಏರು. ಮೊದಲು ಒಂದು ಪರೀಕ್ಷೆ ಆಗ್ಲಿ. ಬೆನ್ನಿಗೆ ಐದು ಕೇಜಿ ಅಕ್ಕಿ ಚೀಲ ಕಟ್ಕೊಂಡು ನೆಲಮಹಡಿಯಿಂದ ತಾರಸಿವರೆಗೂ ಮೆಟ್ಟಿಲು ಹತ್ತೋಣ. ಆಗದೇ ಇರೋರು ಪಾಪ, ಮನೇಲೇ ಇರ್ಲಿ."

ಇಪ್ಪತ್ತನಾಲ್ಕು ಮಹಡಿ! ಆರನೆಯದರಲ್ಲೇ ಅರ್ಧ ಜನ ಕೂರುತ್ತಾರೆ, ಹತ್ತರಲ್ಲಿ ಉಳಿದವರು ಕೈಮುಗಿಯುತ್ತಾರೆ ಎಂದು ಅವನ ಲೆಕ್ಕ. ಏರು ಎಷ್ಟು ಭಯಂಕರ ಅಂತ ತೋರಿಸಲು ತಾನೇ ಮುಂದಾಗಿ ನುಗ್ಗಿದ. ಗುಡ್ಡ ಹತ್ತಿದ ಕಾಲು ಕೈಕೊಡಲಿಲ್ಲ. ತಾರಸಿಯ ಬಾಗಿಲು ತಲುಪಿದಾಗ ಹಿಂದೆ ಒಬ್ಬರೂ ಇರಲಿಲ್ಲ. ಗೆದ್ದೆ ಎಂದುಕೊಂಡು, ಉಸಿರು ಬಿಡಲು ಗೋಡೆಗೆ ಬೆನ್ನು ಕೊಟ್ಟ. ಬೆನ್ನ ಮೇಲಿದ್ದ ಅಕ್ಕಿ ಚೀಲದ ಮೂಲೆ ಗೋಡೆಯ ಕೆಂಪು ಡಬ್ಬಿಯ ಗಾಜನ್ನು ಒತ್ತಿತು. ಗಾಜು ಚಟ್ಟೆಂದಿತು. ಇಡೀ ಕಾಂಡೋ ಬೆಂಕಿಯ ಗಂಟೆಯಿಂದ ಬೊಬ್ಬೆ ಹೊಡೆಯತೊಡಗಿತು.

ಮಗುವನ್ನು ಎತ್ತಿಕೊಂಡವರು, ಬೆಕ್ಕನ್ನು ಎತ್ತಿಕೊಂಡವರು, ಪಾಸ್‌ಪೋರ್ಟನ್ನು ಎತ್ತಿಕೊಂಡವರು ಎಲ್ಲರೂ ಈಜುಕೊಳದ ಪಕ್ಕಕ್ಕೆ ಓಡಿ ಬಂದರು. ಗಂಟೆ ಹೊಡೆದೊಡನೆ ಲಿಫ್ಟುಗಳು ತಾವಾಗಿಯೇ ನೆಲಮಹಡಿಗೆ ಇಳಿದು ಬಾಗಿಲು ತೆರೆದವು. ಒಂದರೊಳಗೆ ಅಕ್ಕಿ ಚೀಲದ ಮೇಲೆ ಆರಾಮಾಗಿ ಕೂತಿದ್ದ ರಾಧಾಕೃಷ್ಣ ಎಲ್ಲರ ಕಣ್ಣಿಗೂ ಬಿದ್ದರು.

"ಒಮ್ಮೆಲೇ ಎತ್ತರಕ್ಕೆ ಹೋಗ್ಬಾರ್ದು," ಎಂದು ಅವರು ಎದ್ದು ನಿಂತು ಹೇಳಿದರು. "ದೇಹ ಹೊಂದ್ಕೋಬೇಕು. ನಾನು ಹೊಂದ್ಕೋತಾ ಇದ್ದೆ."

ಚಂದ್ರಮ್ಮ ಎಲ್ಲರಿಗಿಂತ ಕೊನೆಗೆ, ಮದುವೆ ಮನೆಯಿಂದ ಬಂದವರ ಕಳೆಯಲ್ಲಿ ಇಳಿದು ಬಂದರು. ಮಹಡಿಗೊಂದು ಮನೆಯಲ್ಲಿ ಕೂತು, ಒಂದು ಕಡೆ ತಮಿಳರ ಮಜ್ಜಿಗೆ, ಅಂದರೆ ಮೋರು, ಕುಡಿದು, ಇನ್ನೊಂದು ಕಡೆ ಮಲಯ್ ಮನೆಯ ಕುಯಿ ಅನ್ನುವ ಸಿಹಿ ತಿಂದು, ಮೂರನೇ ಮಹಡಿಯವರೆಗೆ ಹತ್ತಿದ್ದರಂತೆ. "ಒಂದೀಟೂ ದಣಿವಿಲ್ಲ ನೋಡು," ಅಂದರು. "ಗಂಟಿ ಹೊಡೀದಿದ್ರ ಮ್ಯಾಲೆ ಮುಟ್ಟಿಬಿಡ್ತಿದ್ದೆ. ಹಿಂಗ ಮನಿ ಮನಿ ನಿಂತು ಹೋದ್ರ ಯಾವ ಹಿಮಾಲಯ ಆದ್ರೂ ಏರಬಹುದು."

ಕಾಂಡೋದ ಮ್ಯಾನೇಜರ್ ಪುವಾನ್ ಸಲ್ಮಾ, ಅಂದರೆ ಸಲ್ಮಾ ಮೇಡಂ, ಕೈಕಟ್ಟಿ ನಿಂತಿದ್ದರು. ಗಾಜು ಒಡೆದವನು ಎಲ್ಲರ ಮುಂದೆ ಕಾರಣ ಹೇಳಬೇಕಾಯಿತು. ಅನಂತಕೃಷ್ಣ ತಲೆತಗ್ಗಿಸಿ, ಬೆಟ್ಟ ಹತ್ತುವ ಅಭ್ಯಾಸ, ನೇಪಾಳ, ಶೆರ್ಪಾ ಹಳ್ಳಿ, ಎಂದು ತುಂಡು ತುಂಡಾಗಿ ಇಂಗ್ಲಿಷಿನಲ್ಲಿ ಹೇಳಿದ.

ಪುವಾನ್ ಸಲ್ಮಾರ ಸಿಟ್ಟು ಇಳಿಯಿತು. ಮುಖ ಅರಳಿತು. "ಹಿಮಾಲಯ? ಮೊದಲೇ ಹೇಳಬಾರದಾ! ನನಗೂ ಹೋಗಬೇಕು ಅಂತ ಎಷ್ಟು ವರ್ಷದಿಂದ ಆಸೆ."

ಹಿಂದಿನಿಂದ ಬೆಕ್ಕು ಹಿಡಿದಿದ್ದ ಚೀನೀ ಅಜ್ಜನೊಬ್ಬ ಕೈ ಎತ್ತಿದ. ಆಮೇಲೆ ಮೋರು ಕೊಟ್ಟ ತಮಿಳರ ಕುಟುಂಬ ಕೈ ಎತ್ತಿತು. ಈಜುಕೊಳದ ಸುತ್ತ ಕೈಗಳು ಕಬ್ಬಿನ ಗದ್ದೆಯಂತೆ ಎದ್ದವು. ನಾಲ್ಕು ಗಂಟೆಯ ವಿಡಿಯೋ ಕಾಲಿಗೆ ಕಾಂಡೋದ ಸಭಾಂಗಣವನ್ನೇ ಬಿಟ್ಟುಕೊಡುವುದಾಗಿ ಪುವಾನ್ ಸಲ್ಮಾ ಅಲ್ಲೇ ಘೋಷಿಸಿದರು.

ಮಧ್ಯಾಹ್ನ ಊಟಕ್ಕೆ ಬಂದ ವಾಸಂತಿ, ಅನ್ನದ ಮುಂದೆ ಸುಮ್ಮನೆ ಕೂತಿದ್ದ ಗಂಡನ ಕಥೆ ಪೂರ್ತಿ ಕೇಳಿ ನಕ್ಕಳು.

"ಪ್ರೀತಿಯಿಂದ ಬರ್ತೀವಿ ಅಂತಾರೆ. ನಿಮಗೇನ್ರೀ ಕಷ್ಟ?"

"ಪ್ರೀತಿ ಬೇಡ ಅಂತಲ್ಲ ಕಣೇ. ಸದ್ದಿಲ್ಲದ ಪ್ರೀತಿ ಬೇಕು."

"ಅಂಥದ್ದು ಎಲ್ಲಿ ಸಿಗತ್ತೆ ಅಂತ ಗೊತ್ತಾದ್ರೆ ನನಗೂ ಹೇಳಿ," ಎಂದು ಅವಳು ಸಾರು ಬಡಿಸಿದಳು. "ಅವರ ಮುಖಕ್ಕೆ ಇಲ್ಲ ಅನ್ನಕ್ಕೆ ಆಗದಿದ್ರೆ ಗೈಡಿನ ಬಾಯಲ್ಲಾದ್ರೂ ಅನ್ನಿಸಿ."

ಅನಂತಕೃಷ್ಣ ಊಟ ಬಿಟ್ಟು ಫೋನು ಎತ್ತಿಕೊಂಡ. ಈ ಸಲ ಕನ್ನಡಕ ಹಾಕಿಕೊಂಡು, ಹೆಸರನ್ನು ಮೂರು ಬಾರಿ ನೋಡಿ, ಪಾಸಾಂಗನಿಗೆ ಬರೆದ. "ದಯವಿಟ್ಟು ಉಳಿಸಿ. ಇಲ್ಲಿ ಒಂದು ದೊಡ್ಡ ಗುಂಪು ಬರುತ್ತೇನೆ ಅನ್ನುತ್ತಿದೆ. ಸಾಧ್ಯವಿಲ್ಲ ಅನ್ನಿ. ಯಾರು ಏನು ಕೇಳಿದರೂ ಇಲ್ಲ ಅನ್ನಿ. ನಾವಿಬ್ಬರೇ ಹೋಗೋಣ."

ಒಂದು ನಿಮಿಷದಲ್ಲಿ ಉತ್ತರ ಬಂತು. "ಓಕೆ ಸರ್."

ನಾಲ್ಕು ಗಂಟೆಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಪ್ರೀತ್ ಅನಂತಕೃಷ್ಣನ ಫೋನನ್ನು ದೊಡ್ಡ ಟಿವಿಗೆ ಜೋಡಿಸಿದ. ಪರದೆಯ ಮೇಲೆ ಉಣ್ಣೆ ಟೋಪಿ, ಗಾಳಿಗೆ ಒಡೆದ ಕೆಂಪು ಕೆನ್ನೆ, ತುಟಿ ಬಿಗಿದ ಒಂದು ಮುಖ ಮೂಡಿತು. ಅವನ ಹಿಂದೆ ಶೆರ್ಪಾಗಳ ಊರಾದ ನಾಮ್ಚೆ ಬಜಾರಿನ ಮನೆಗಳು ಬೆಟ್ಟದ ಬಾಗಿಗೆ ಮೆಟ್ಟಿಲು ಮೆಟ್ಟಿಲಾಗಿ ಕೂತಿದ್ದವು. ಸಭೆ ಚಪ್ಪಾಳೆ ತಟ್ಟಿತು. ಪಾಸಾಂಗ್ ಕೈಮುಗಿದ.

ರಾಧಾಕೃಷ್ಣ ಮೈಕು ಹಿಡಿದು, ಭಾರತ, ನೇಪಾಳ, ಮಲೇಷ್ಯಾಗಳ ಮೂರು ಸಾವಿರ ವರ್ಷದ ಸ್ನೇಹದ ಬಗ್ಗೆ ಹಿಂದಿಯಲ್ಲಿ ಹತ್ತು ನಿಮಿಷ ಮಾತಾಡಿ ಕೊನೆಗೆ ಕೇಳಿದರು. "ನೀವೇನಂತೀರಿ?"

"ಇಲ್ಲ," ಅಂದ ಪಾಸಾಂಗ್.

"ಏನಿಲ್ಲ?"

"ಗುಂಪು ಇಲ್ಲ. ಲಾಡ್ಜ್ ಸಣ್ಣದು. ಒಬ್ಬರೇ."

ಗುಜುಗುಜು ಎದ್ದಿತು. ಚಂದ್ರಮ್ಮ ಮೈಕಿಗೆ ಬಾಯಿ ಕೊಟ್ಟರು. "ತಮ್ಮಾ, ನಿಮ್ಮ ಅಡಗೀಮನ್ಯಾಗ ನಾ ರೊಟ್ಟಿ ಮಾಡಬಹುದೇನು?" ಸುಪ್ರೀತ್ ಅದನ್ನು ಹಿಂದಿಗಿಳಿಸಿದ.

"ಇಲ್ಲ."

"ಕಾಲು ನೋವಾದ್ರೆ ಕುದುರೆ ಸಿಗುತ್ತಾ?" ಎಂದಿತು ಸಭೆಯ ಇನ್ನೊಂದು ದನಿ.

"ಇಲ್ಲ."

"ಬಿಸಿನೀರು? ಚಾರ್ಜಿಂಗ್? ಕರಾವೋಕೆ?"

"ಇಲ್ಲ. ಇಲ್ಲ. ಇಲ್ಲ."

ಸಭಾಂಗಣ ತಣ್ಣಗಾಯಿತು. ಕುದುರೆಗಿಂತ, ಬಿಸಿನೀರಿಗಿಂತ ಹೆಚ್ಚಾಗಿ ಜನರಿಗೆ ಚುಚ್ಚಿದ್ದು ಆ ಮನುಷ್ಯನ ಬಿಗಿದ ತುಟಿ. ಹತ್ತು ನಿಮಿಷದ ಭಾಷಣಕ್ಕೆ ಒಂದು ಸೌಜನ್ಯದ ಮಾತೂ ಇಲ್ಲವಲ್ಲ ಎಂದು ರಾಧಾಕೃಷ್ಣರ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಬೇಡಪ್ಪ," ಎಂದು ಅವರು ಮೈಕು ಕೆಳಗಿಟ್ಟರು. "ಇಂಥ ಅರಸಿಕನ ಹಿಂದೆ ನಡೆಯೋದು ಅಂದ್ರೆ ಕಂಬದ ಹಿಂದೆ ನಡೆದ ಹಾಗೆ. ಪುವಾನ್, ನಾವು ಇಲ್ಲಿನ ಗಿರಿಧಾಮ ಕ್ಯಾಮರನ್ ಹೈಲ್ಯಾಂಡ್ಸ್‌ಗೇ ಹೋಗೋಣ. ಅಲ್ಲೂ ಚಳಿ ಇದೆ. ಬಸ್ಸು ಮಾಡಿದ್ರಾಯ್ತು, ದಾರಿಯುದ್ದಕ್ಕೂ ಅಂತ್ಯಾಕ್ಷರಿ."

ಕೈಗಳು ಮತ್ತೆ ಎದ್ದವು. ಹೊರಡುವಾಗ ಒಬ್ಬೊಬ್ಬರೇ ಬಂದು ಅನಂತಕೃಷ್ಣನ ಭುಜ ತಟ್ಟಿದರು. ಸುಪ್ರೀತ್ ಫೋನು ಬಿಡಿಸಿ ಅವನ ಕೈಗಿಟ್ಟು, "ಹನ್ನೆರಡು ದಿನ ಇವನ ಜೊತೆ ಹೇಗೆ ಇರ್ತೀರಿ ಮಾರಾಯ್ರೆ!" ಎಂದ. ಚಂದ್ರಮ್ಮ ರೊಟ್ಟಿಯ ಡಬ್ಬಿಯನ್ನೂ ಚಟ್ನಿಯನ್ನೂ ಅವನ ಮುಂದಿಟ್ಟರು. "ನಿನಗಂತ ಕಟ್ಟೀನಿ. ಮಾತಾಡೋರು ಯಾರೂ ಇಲ್ಲದಾಗ ಮನುಷ್ಯಾಗ ಹಸಿವು ಜಾಸ್ತಿ ಆಕ್ಕೈತಿ." ಆ ಮುದುಕಿಯ ಕಣ್ಣಲ್ಲಿ ನೀರಾಡಿದ್ದು ನೋಡಿ ಅವನಿಗೆ ಒಂದು ಗಳಿಗೆ ನಾಚಿಕೆಯಾಯಿತು. ಆದರೆ ಒಂದೇ ಗಳಿಗೆ. ಕೊನೆಯ ಚಪ್ಪಲಿಯ ಸದ್ದು ದೂರವಾದಾಗ ಅವನ ಮೈಯೊಳಗೆ ಯಾರೋ ಡೊಳ್ಳು ಬಾರಿಸತೊಡಗಿದ್ದರು.

ಖಾಲಿ ಕುರ್ಚಿಗಳ ನಡುವೆ ಕೂತು ಅವನು ಇನ್ನೂ ಕರೆಯಲ್ಲಿದ್ದ ಫೋನನ್ನು ಮುಖದ ಮುಂದೆ ಹಿಡಿದ. "ಪಾಸಾಂಗ್ ಭಾಯ್, ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರಿಸೋಕಾಗಲ್ಲ."

ಪಾಸಾಂಗ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. "ಎಲ್ಲರೂ ಹೋದ್ರಾ ಸರ್?"

"ಹೋದ್ರು."

"ಖಾತ್ರಿನಾ?"

"ಖಾತ್ರಿ."

ಪಾಸಾಂಗ್ ಟೋಪಿ ತೆಗೆದು ಪಕ್ಕಕ್ಕಿಟ್ಟು, ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬಿಗಿದ ತುಟಿ ಅಣೆಕಟ್ಟಿನ ಬಾಗಿಲಿನಂತೆ ತೆರೆಯಿತು.

"ಅಬ್ಬ! ಬಾಯಿ ನೋವಾಗಿಹೋಯ್ತು ಸರ್, ಮುಚ್ಚಿ ಮುಚ್ಚಿ. ನೀವು ಹೇಳಿದ್ದಕ್ಕೆ ಸುಮ್ಮನಿದ್ದೆ. ಮತ್ತೆ ನನಗೂ ಅದೇ ಬೇಕಿತ್ತು. ಅಷ್ಟು ಜನ ಬಂದ್ರೆ ನನ್ನ ಮಾತಿಗೆ ಜಾಗ ಎಲ್ಲಿರುತ್ತೆ? ಆ ಮೈಕಿನ ಸಾಹೇಬರು ಒಬ್ಬರೇ ಸಾಕು, ಪೂರ್ತಿ ಕಣಿವೆ ತುಂಬೋಕೆ. ಈಗ ನಾವಿಬ್ಬರೇ. ಹನ್ನೆರಡು ದಿನ! ನನ್ನ ಹಣೆಬರಹ ನೋಡಿ ಸರ್, ಇಷ್ಟು ವರ್ಷ ಸಿಕ್ಕಿದ ಗ್ರಾಹಕರೆಲ್ಲ ಜರ್ಮನರು, ಜಪಾನಿಗಳು. ಕಿವಿಗೆ ಹತ್ತಿ ಇಟ್ಕೊಂಡು ಬೆಟ್ಟ ನೋಡ್ತಾರೆ. ಹಿಂದಿ ಬರೋರು ಅಂತ ಮೊದಲ ಸಲ ಸಿಕ್ಕಿದ್ದು ನೀವು. ಇವತ್ತು ನಿಮ್ಮ ಜನರನ್ನು ನೋಡಿದ ಮೇಲಂತೂ ಸಮಾಧಾನ ಆಯ್ತು. ನೀವು ಮಾತಿನ ಊರಿನವರು."

"ಆದರೆ... ಸಂದೇಶದಲ್ಲಿ ನೀವು ಎರಡೇ ಪದ..."

"ಬೆರಳು ದಪ್ಪ ಸರ್, ಟೈಪ್ ಮಾಡೋಕೆ ಆಗಲ್ಲ. ಬಾಯಿ ಚೆನ್ನಾಗಿದೆ. ಲುಕ್ಲಾದಲ್ಲಿ ವಿಮಾನ ಇಳಿದ ಕೂಡಲೇ ನನ್ನ ತಾತನಿಂದ ಶುರು ಮಾಡ್ತೀನಿ. ನಾಮ್ಚೆ ಮುಟ್ಟೋ ಹೊತ್ತಿಗೆ ನನ್ನ ಅಪ್ಪ ಹುಟ್ಟಿರ್ತಾರೆ. ಖುಮ್‌ಜುಂಗ್‌ನಲ್ಲಿ ನನ್ನ ದೊಡ್ಡಮ್ಮನ ಮನೇಲಿ ಉಳ್ಕೋತೀವಿ, ಅವರು ನನಗಿಂತ ಚೆನ್ನಾಗಿ ಮಾತಾಡ್ತಾರೆ."

ಅನಂತಕೃಷ್ಣ ಕೇಳಿದ. "ನಡೀವಾಗ, ಕಡಿದಾದ ಏರಿನಲ್ಲಿ... ಆಗಲಾದ್ರೂ ಸುಮ್ಮನಿರ್ತೀರಲ್ಲ?"

"ಏರು ಅಂದ್ರೆ ನನಗೆ ಪ್ರಾಣ ಸರ್! ಗ್ರಾಹಕರಿಗೆ ಉಸಿರೇ ಇರಲ್ಲ, ಮಧ್ಯೆ ಬಾಯಿ ಹಾಕೋದಿಲ್ಲ. ತಾತನ ವಿಷಯ ಈಗಲೇ ಸ್ವಲ್ಪ ಹೇಳಿಬಿಡ್ತೀನಿ, ಕೇಳಿ..."

ಅನಂತಕೃಷ್ಣ ಫೋನಿನ ಸದ್ದನ್ನು ಅಡಗಿಸಿ, ರೊಟ್ಟಿ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೋಡಿದ. ಲಿಫ್ಟಿನ ಮುಂದೆ ರಾಧಾಕೃಷ್ಣ ಬಸ್ಸಿನ ಸೀಟು ಹಂಚುತ್ತ ನಿಂತಿದ್ದರು. ಅವನು ಅವರ ತೋಳು ಹಿಡಿದುಕೊಂಡ.

"ಸಾರ್, ನೀವೊಬ್ಬರಾದ್ರೂ ಬನ್ನಿ ಸಾರ್! ನೀವು ಬಂದರೆ ಅವನಿಗೆ ಸರಿಜೋಡಿ. ನಾನು ಹಿಂದೆ ಹಿಂದೆ ಬರ್ತೀನಿ. ಮೈಕು ಬೇಕಾದ್ರೂ ನಾನೇ ಹೊರ್ತೀನಿ!"

ರಾಧಾಕೃಷ್ಣ ಕನಿಕರದಿಂದ ಅವನ ಕೈ ಬಿಡಿಸಿಕೊಂಡರು.

"ನಿಮ್ಮ ಕಷ್ಟ ಅರ್ಥ ಆಗತ್ತೆ ಅನಂತು. ಆದ್ರೆ ಅಂಥ ಮೂಗನ ಜೊತೆ ನನ್ನ ಕೈಲಾಗಲ್ಲಪ್ಪ. ನೀವಾದ್ರೆ ಹೇಗೋ ಸುಧಾರಿಸ್ಕೋತೀರಿ."

ಲಿಫ್ಟಿನ ಬಾಗಿಲು ಮುಚ್ಚಿತು. ಅನಂತಕೃಷ್ಣ ಕೈಯಲ್ಲಿದ್ದ ಫೋನು ನೋಡಿದ. ಸದ್ದಿಲ್ಲದ ಪರದೆಯ ಮೇಲೆ ಪಾಸಾಂಗನ ತುಟಿಗಳು ಒಂದೇ ಸಮನೆ ಆಡುತ್ತಿದ್ದವು.